ಕಾಲರಿನ ಹಿಂದಿರುವ ಐದು ಚಿತ್ರಗಳು

ಮಕ್ಕಳೇ, ಈ ವಾರದ ಅಂಕಣ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮದೊಂದು ಅಂಗಿ ತನ್ನಿ. ಅಪ್ಪನದೋ ಅಜ್ಜನದೋ ಒಂದು ಶರಟು ತನ್ನಿ. ಸಿಕ್ಕರೆ ಒಂದು ಸ್ವೆಟರನ್ನೂ ತನ್ನಿ. ಮೂರನ್ನೂ ಹಿಡಿದುಕೊಂಡು ಅಜ್ಜ ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಅಜ್ಜ ಅಜ್ಜಿಯರೇ, ನೀವು ಕನ್ನಡಕ ಹಾಕಿಕೊಳ್ಳಿ. ಹಾಕಿಕೊಂಡರೂ ಕಾಣದಿದ್ದರೆ ಚಿಂತೆ ಬೇಡ, ಅದಕ್ಕೇ ಅಲ್ಲವೇ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಿರುವುದು!

ಈಗ ಕಾಲರಿನ ಒಳಭಾಗ ನೋಡಿ. ಅಲ್ಲಿಲ್ಲದಿದ್ದರೆ ಅಂಗಿಯನ್ನು ತಿರುವಿ ಹಾಕಿ, ಪಕ್ಕದ ಹೊಲಿಗೆಯ ಕೆಳಭಾಗದಲ್ಲಿ ಹುಡುಕಿ. ಎರಡು ಬೆರಳು ಅಗಲದ ಒಂದು ಬಿಳಿ ಪಟ್ಟಿ ಸಿಗುತ್ತದೆ. ಅದರಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಅಕ್ಷರಗಳು, ಅವುಗಳ ಜೊತೆಗೆ ಒಂದು ಸಾಲು ಚಿತ್ರಗಳು ಇರುತ್ತವೆ. ಒಂದು ಬೋಗುಣಿ, ಒಂದು ತ್ರಿಕೋನ, ಒಂದು ಚೌಕ, ಒಂದು ಇಸ್ತ್ರಿಪೆಟ್ಟಿಗೆ, ಒಂದು ಸೊನ್ನೆ. ಕೆಲವದರ ಮೇಲೆ ಇಂಟು ಗುರುತು ಹಾಕಿರುತ್ತದೆ.

ಕುತ್ತಿಗೆಗೆ ಚುಚ್ಚುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಈ ಪಟ್ಟಿಯನ್ನು ಅಂಗಿ ತಂದ ದಿನವೇ ಕತ್ತರಿಸಿ ಕಸದ ಬುಟ್ಟಿಗೆ ಹಾಕುತ್ತಾರೆ. ಕತ್ತರಿಸಿದರೆ ತಪ್ಪೇನೂ ಇಲ್ಲ, ಎಸೆಯುವುದು ಬೇಡ. ಅದು ಆ ಬಟ್ಟೆಯ ಪಾಸ್‌ಬುಕ್ಕು. ಬಟ್ಟೆ ಯಾವ ನೂಲಿನದು, ಎಷ್ಟು ಬಿಸಿ ತಡೆಯುತ್ತದೆ, ಹೇಗೆ ಒಣಗಿಸಬೇಕು, ಇಷ್ಟೆಲ್ಲ ಆ ಪಟ್ಟಿಯಲ್ಲಿದೆ. ಆ ಐದು ಚಿತ್ರಗಳನ್ನು ಓದುವುದು ಹೇಗೆ ಎಂದು ಈ ವಾರ ಕಲಿಯೋಣ.

ಅಕ್ಷರ ಬಿಟ್ಟು ಚಿತ್ರ ಏಕೆ?

ತಿರುಪ್ಪೂರಿನಲ್ಲಿ ಹೊಲಿದ ಟೀ ಶರ್ಟನ್ನು ಜರ್ಮನಿಯ ಹುಡುಗನೊಬ್ಬ ತೊಡುತ್ತಾನೆ. ಬಾಂಗ್ಲಾದೇಶದಲ್ಲಿ ಹೊಲಿದ ಪ್ಯಾಂಟು ನಮ್ಮ ಊರಿನ ಅಂಗಡಿಗೂ ಬರುತ್ತದೆ, ಸ್ಪೇನ್ ದೇಶದ ಅಂಗಡಿಗೂ ಹೋಗುತ್ತದೆ. ಒಂದೊಂದು ದೇಶದ ಭಾಷೆಯಲ್ಲೂ 'ಬಿಸಿನೀರು ಬೇಡ, ನೆರಳಿನಲ್ಲಿ ಒಣಗಿಸಿ' ಎಂದು ಬರೆಯಲು ಹೊರಟರೆ ಪಟ್ಟಿ ಅಂಗಿಗಿಂತ ಉದ್ದವಾದೀತು. ರಸ್ತೆಯ ಪಕ್ಕದ ಫಲಕದಲ್ಲಿ ತಿರುವಿನ ಗುರುತು ಕಂಡರೆ ಯಾವ ಭಾಷೆಯ ಚಾಲಕನಿಗೂ ಅರ್ಥವಾಗುತ್ತದಲ್ಲ, ಅದೇ ಉಪಾಯ ಇಲ್ಲಿಯೂ ಆಗಿದೆ.

ಈ ಉಪಾಯಕ್ಕೆ ತುಂಬಾ ವಯಸ್ಸಾಗಿಲ್ಲ. 1958ರಲ್ಲಿ ಪ್ಯಾರಿಸ್ ನಗರದಲ್ಲಿ ಈ ವಿಷಯಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಭೆ ಸೇರಿತು. 1963ರಲ್ಲಿ ಅದೇ ಊರಿನಲ್ಲಿ ಜಿನೆಟೆಕ್ಸ್ ಎಂಬ ಸಂಸ್ಥೆ ಹುಟ್ಟಿತು. ಅದು ಚಿತ್ರಗಳಿಗೆ ಒಂದು ಕ್ರಮ ತಂದಿತು. 1991ರಲ್ಲಿ ಇವು ಅಂತರರಾಷ್ಟ್ರೀಯ ಮಾನಕವೂ ಆದವು. ಅದರ ಸಂಖ್ಯೆ ಐಎಸ್ಒ 3758. ಅಂದರೆ ಇಂದಿನ ಅಜ್ಜ ಅಜ್ಜಿಯರಲ್ಲಿ ಹೆಚ್ಚಿನವರು ಈ ಚಿತ್ರಗಳಿಗಿಂತ ಹಿರಿಯರು.

ಹಾಗಾದರೆ ಅದಕ್ಕೂ ಮೊದಲು? ಆಗ ಈ ವಿದ್ಯೆ ಪಟ್ಟಿಯಲ್ಲಿರಲಿಲ್ಲ, ಮಡಿವಾಳರ ಕೈಯಲ್ಲಿತ್ತು. ಯಾವುದನ್ನು ಉಬ್ಬೆಗೆ ಹಾಕಬೇಕು, ಯಾವುದನ್ನು ಕಲ್ಲಿಗೆ ಹೊಡೆಯಬಾರದು, ಯಾವುದಕ್ಕೆ ಚೌಳು ಮಣ್ಣು, ಯಾವುದಕ್ಕೆ ಅಂಟುವಾಳದ ನೊರೆ ಎಂಬುದನ್ನೆಲ್ಲ ಅವರು ಬಟ್ಟೆ ಮುಟ್ಟಿಯೇ ಹೇಳುತ್ತಿದ್ದರು. ಗುರುತು ಅವರೂ ಹಾಕುತ್ತಿದ್ದರು. ಕರಿಗೇರಿನ ಕಾಯಿಯ ಕಪ್ಪು ರಸದಿಂದ ಬಟ್ಟೆಯ ಮೂಲೆಯಲ್ಲಿ ಒಂದು ಚುಕ್ಕೆ, ಎರಡು ಗೀಟು, ಹೀಗೆ. ಎಷ್ಟು ಸಲ ಒಗೆದರೂ ಅದು ಹೋಗುತ್ತಿರಲಿಲ್ಲ. ಆದರೆ ಆ ಗುರುತು ಹೇಳುತ್ತಿದ್ದದ್ದು ಬಟ್ಟೆ ಯಾರ ಮನೆಯದು ಎಂದು ಮಾತ್ರ. ಹೇಗೆ ಒಗೆಯಬೇಕು ಎಂಬುದನ್ನು ಬರೆದಿಡುವ ಅಗತ್ಯವೇ ಇರಲಿಲ್ಲ, ಒಗೆಯುವವರಿಗೆ ಅದು ಗೊತ್ತಿತ್ತು.

ಹಿರಿಯರಿಗೆ ಇನ್ನೊಂದು ನೆನಪೂ ಇರಬಹುದು. ಗಜದ ಲೆಕ್ಕದಲ್ಲಿ ಬಟ್ಟೆ ಕೊಂಡು ದರ್ಜಿಗೆ ಕೊಡುತ್ತಿದ್ದ ಕಾಲದಲ್ಲಿ ಬಟ್ಟೆಯ ಅಂಚಿನಲ್ಲಿ 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆ ಇರುತ್ತಿತ್ತು. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬವರು ಕಂಡುಹಿಡಿದ ಕ್ರಮ ಅದು, ಅವರ ಹೆಸರೇ ಅದಕ್ಕೆ ಬಂತು. ಗಿರಣಿಯಲ್ಲೇ ಬಟ್ಟೆಯನ್ನು ಮೊದಲು ಕುಗ್ಗಿಸಿ ಕಳಿಸುವುದರಿಂದ ಮನೆಗೆ ಬಂದ ಮೇಲೆ ಅದು ಹೆಚ್ಚು ಕುಗ್ಗುವುದಿಲ್ಲ. ಆ ಮುದ್ರೆ ಇಲ್ಲದ ಬಟ್ಟೆಯಾದರೆ ದರ್ಜಿ, "ಒಂದು ರಾತ್ರಿ ನೀರಿಗೆ ಹಾಕಿ ಒಣಗಿಸಿ ತನ್ನಿ, ಆಮೇಲೆ ಅಳತೆ ತಗೋತೀನಿ" ಎನ್ನುತ್ತಿದ್ದರು.

ಮೊದಲು ಈ ಒಂದು ಸೂತ್ರ

ಚಿತ್ರಗಳಿಗೆ ಹೋಗುವ ಮೊದಲು ಒಂದು ಮಾತು ತಿಳಿದಿರಬೇಕು. ಪಟ್ಟಿಯಲ್ಲಿರುವುದು ಅಪ್ಪಣೆಯಲ್ಲ, ಮಿತಿ.

ಬ್ಯಾಂಕಿನಲ್ಲಿ ವ್ಯಾಪಾರಿಗಳಿಗೆ ಓವರ್‌ಡ್ರಾಫ್ಟ್ ಮಿತಿ ಕೊಡುತ್ತೇವೆ. 50,000 ರೂಪಾಯಿ ಮಿತಿ ಇದೆ ಎಂದರೆ 50,000 ತೆಗೆಯಲೇಬೇಕು ಎಂದು ಅರ್ಥವಲ್ಲ. 10,000 ತೆಗೆದರೂ ಆಯಿತು, ಏನೂ ತೆಗೆಯದಿದ್ದರೂ ಆಯಿತು. ಮಿತಿ ದಾಟಿದರೆ ಮಾತ್ರ ಮ್ಯಾನೇಜರು ಕರೆದು ಕೇಳುತ್ತಾರೆ. ಅಂಗಿಯೂ ಹಾಗೆಯೇ. ಬೋಗುಣಿಯೊಳಗೆ 60 ಎಂದಿದ್ದರೆ ಅಷ್ಟು ಬಿಸಿನೀರಿನಲ್ಲೇ ಒಗೆಯಿರಿ ಎಂದಲ್ಲ. ಅಲ್ಲಿಯ ತನಕ ತಡೆಯುತ್ತೇನೆ, ಮುಂದೆ ಹೋಗಬೇಡಿ ಎಂದು. ತಣ್ಣೀರಿನಲ್ಲಿ ಒಗೆದರೆ ಅಂಗಿಗೆ ಬೇಸರವೇನಿಲ್ಲ. ಮಿತಿ ದಾಟಿದರೆ ಮಾತ್ರ ಅಂಗಿ ಮ್ಯಾನೇಜರ ಹಾಗೆ ಕರೆದು ಹೇಳುವುದಿಲ್ಲ, ಸುಮ್ಮನೆ ಹಾಳಾಗಿಬಿಡುತ್ತದೆ.

ಇನ್ನು ಮೂರು ಸಣ್ಣ ಗುರುತುಗಳು ಎಲ್ಲ ಕಡೆ ಬರುತ್ತವೆ. ಚಿತ್ರದ ಮೇಲೆ ಇಂಟು ಇದ್ದರೆ ಆ ಕೆಲಸ ಬೇಡವೇ ಬೇಡ. ಚಿತ್ರದ ಕೆಳಗೆ ಒಂದು ಗೀಟು ಎಳೆದಿದ್ದರೆ ಮೆಲ್ಲಗೆ, ಎರಡು ಗೀಟು ಇದ್ದರೆ ಇನ್ನೂ ಮೆಲ್ಲಗೆ. ಒಳಗಿನ ಚುಕ್ಕೆಗಳು ಬಿಸಿಯ ಲೆಕ್ಕ. ಚುಕ್ಕೆ ಕಡಿಮೆಯಾದಷ್ಟು ಬಿಸಿಯೂ ಕಡಿಮೆ.

ಬೋಗುಣಿ

ನೀರು ತುಂಬಿದ ಬೋಗುಣಿ ಒಗೆಯುವುದನ್ನು ತೋರಿಸುತ್ತದೆ. ಒಳಗಿನ ಅಂಕಿ ನೀರಿನ ಬಿಸಿಯ ಮಿತಿ, ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಮಾನ್ಯವಾಗಿ 30, 40, 60 ಕಾಣುತ್ತವೆ. ಗಟ್ಟಿಯಾದ ಬಿಳಿ ಹತ್ತಿ ಬಟ್ಟೆಗೆ 95 ಇರುವುದೂ ಉಂಟು.

ಅಂಕಿಯನ್ನು ಕೈಯಿಂದ ಅಳೆಯಲು ಒಂದು ದಾರಿ ಇದೆ. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಆದ್ದರಿಂದ 30 ಡಿಗ್ರಿ ನೀರು ಕೈಗೆ ತಣ್ಣಗೇ ಎನ್ನಿಸುತ್ತದೆ. 40 ಡಿಗ್ರಿ ನೀರು ಉಗುರು ಬೆಚ್ಚಗೆ ಎನ್ನಿಸುತ್ತದೆ, ಮಗುವಿಗೆ ಸ್ನಾನ ಮಾಡಿಸುವ ನೀರಿಗಿಂತ ಸ್ವಲ್ಪ ಬಿಸಿ. 60 ಡಿಗ್ರಿಯಲ್ಲಿ ಕೈ ಇಡಲು ಆಗುವುದಿಲ್ಲ, ಇಡಲೂಬೇಡಿ. ನಮ್ಮಲ್ಲಿ ಎಷ್ಟೋ ವಾಷಿಂಗ್ ಮಷೀನುಗಳಲ್ಲಿ ನೀರು ಕಾಯಿಸುವ ವ್ಯವಸ್ಥೆಯೇ ಇಲ್ಲ, ನಲ್ಲಿಯ ನೀರೇ ಗತಿ. ಅಂಥ ಮನೆಯವರು ಅಂಕಿಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುಂಬಾಗಿಲಿನ ಮಷೀನು ಇರುವವರು ಮಾತ್ರ ಗುಂಡಿ ತಿರುಗಿಸುವ ಮೊದಲು ಪಟ್ಟಿ ನೋಡಬೇಕು.

ಬೋಗುಣಿಯೊಳಗೆ ಒಂದು ಕೈ ಇದ್ದರೆ ಕೈಯಲ್ಲೇ ಒಗೆಯಬೇಕು, ನೀರು 40 ಡಿಗ್ರಿ ದಾಟಬಾರದು. ಇಲ್ಲಿ ಹಿರಿಯರು ಒಂದು ವಿಷಯ ಗಮನಿಸಬೇಕು. ಕೈಯಲ್ಲಿ ಒಗೆಯುವುದು ಎಂದರೆ ನಮಗೆ ನೆನಪಾಗುವುದು ಬ್ರಷ್ಷು, ಕಲ್ಲು, ರಟ್ಟೆಯ ಬಲ. ಈ ಚಿತ್ರದಲ್ಲಿರುವ ಕೈ ಅದಲ್ಲ. ನೀರಿನಲ್ಲಿ ಅದ್ದಿ, ಮೆಲ್ಲಗೆ ಒತ್ತಿ, ಜಾಲಿಸಿ ತೆಗೆಯುವ ಕೈ.

ಮೆಲ್ಲಗೆ ಏಕೆ ಎಂದರೆ ಉಣ್ಣೆಯನ್ನು ನೋಡಿ. ಕುರಿಯ ಕೂದಲಿನ ಮೇಲೆ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಕೂತ ಸಣ್ಣ ಪೊರೆಗಳಿವೆ. ಕಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಒಂದು ಕೂದಲಿನ ಪೊರೆ ಇನ್ನೊಂದರ ಪೊರೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿಕೊಂಡರೆ ಬಿಡಿಸಲು ಬರುವುದಿಲ್ಲ. ದೊಡ್ಡವರ ಸ್ವೆಟರು ಮಗುವಿನ ಅಳತೆಗೆ ಇಳಿದು ದಪ್ಪ ಕಂಬಳಿಯ ತುಂಡಿನಂತಾಗುವುದು ಹೀಗೆಯೇ.

ಇನ್ನೊಂದು ಸಂಗತಿ. ಉಣ್ಣೆ, ರೇಷ್ಮೆ ಎರಡೂ ಪ್ರಾಣಿಗಳಿಂದ ಬಂದವು, ನಮ್ಮ ಕೂದಲಿನ ಹಾಗೆ ಪ್ರೋಟೀನಿನಿಂದ ಆದವು. ಕಲೆ ತೆಗೆಯುವ ಎಷ್ಟೋ ಪುಡಿಗಳಲ್ಲಿ ಪ್ರೋಟೀನನ್ನು ಕರಗಿಸುವ ಎನ್‌ಜೈಮ್ ಇರುತ್ತದೆ. ಹಾಲು, ಮೊಟ್ಟೆ, ರಕ್ತದ ಕಲೆ ಹೋಗುವುದು ಅದರಿಂದ. ಆದರೆ ಅದಕ್ಕೆ ಹಾಲಿನ ಕಲೆ ಯಾವುದು, ಅಜ್ಜಿಯ ರೇಷ್ಮೆ ಸೀರೆ ಯಾವುದು ಎಂಬ ಭೇದ ತಿಳಿಯದು. ಹಿಂದಿನವರು ರೇಷ್ಮೆಗೆ ಅಂಟುವಾಳದ ಕಾಯಿ ಬಳಸುತ್ತಿದ್ದದ್ದು ಸುಮ್ಮನೆ ಅಲ್ಲ.

ತ್ರಿಕೋನ

ತ್ರಿಕೋನ ಬ್ಲೀಚಿನ ಗುರುತು, ಅಂದರೆ ಬಣ್ಣ ತೆಗೆದು ಬೆಳ್ಳಗೆ ಮಾಡುವ ದ್ರಾವಣದ ಗುರುತು. ಖಾಲಿ ತ್ರಿಕೋನ ಇದ್ದರೆ ಯಾವ ಬ್ಲೀಚಾದರೂ ಆಗಬಹುದು. ಒಳಗೆ ಎರಡು ಓರೆ ಗೀಟು ಇದ್ದರೆ ಕ್ಲೋರಿನ್ ಇಲ್ಲದ ಬ್ಲೀಚು ಮಾತ್ರ. ಇಂಟು ಇದ್ದರೆ ಯಾವುದೂ ಬೇಡ. ಉಣ್ಣೆ, ರೇಷ್ಮೆ, ಎಳೆದರೆ ಹಿಗ್ಗುವ ಬಟ್ಟೆ, ಇವಕ್ಕೆ ಕ್ಲೋರಿನ್ ಶತ್ರು. ಬಿಳಿ ರೇಷ್ಮೆಗೆ ಕ್ಲೋರಿನ್ ಬ್ಲೀಚು ತಾಗಿದರೆ ಬೆಳ್ಳಗಾಗುವುದಿಲ್ಲ, ಹಳದಿಯಾಗಿ ನೂಲೇ ಕೊಳೆಯುತ್ತದೆ.

ಬಟ್ಟೆಯ ವಿಷಯ ಒಂದು ನಿಮಿಷ ಬಿಟ್ಟು ಜೀವದ ವಿಷಯ ಹೇಳುತ್ತೇನೆ. ಬ್ಲೀಚನ್ನು ಶೌಚಾಲಯ ತೊಳೆಯುವ ಆಮ್ಲದ ಜೊತೆ ಎಂದಿಗೂ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಉಸಿರಿಗೆ ವಿಷ. ಅಮೋನಿಯಾ ಇರುವ ದ್ರಾವಣದ ಜೊತೆಗೂ ಬೆರೆಸಬಾರದು. ಮಕ್ಕಳು ಬ್ಲೀಚಿನ ಬಾಟಲಿ ಮುಟ್ಟುವುದೇ ಬೇಡ. ಹಿರಿಯರು ಬಚ್ಚಲಿನ ಕಿಟಕಿ ತೆರೆದಿಟ್ಟುಕೊಂಡು ಬಳಸಲಿ.

ಚೌಕ

ಚೌಕ ಎಂದರೆ ಒಣಗಿಸುವುದು. ಐದರಲ್ಲಿ ಹೆಚ್ಚು ಗೊಂದಲ ಇದರದ್ದೇ.

ಚೌಕದೊಳಗೆ ಒಂದು ಸೊನ್ನೆ ಇದ್ದರೆ ಅದು ಬಿಸಿ ಗಾಳಿಯಲ್ಲಿ ಬಟ್ಟೆ ಉರುಳಿಸಿ ಒಣಗಿಸುವ ಯಂತ್ರದ ಮಾತು. ಒಂದು ಚುಕ್ಕೆ ಇದ್ದರೆ ಕಡಿಮೆ ಬಿಸಿ, ಎರಡು ಇದ್ದರೆ ಸಾಧಾರಣ ಬಿಸಿ, ಇಂಟು ಇದ್ದರೆ ಆ ಯಂತ್ರವೇ ಬೇಡ. ನಮ್ಮ ಮನೆಗಳಲ್ಲಿ ಎರಡು ತೊಟ್ಟಿಯ ಮಷೀನಿನ ಎರಡನೇ ತೊಟ್ಟಿಯನ್ನೂ 'ಡ್ರೈಯರ್' ಎಂದೇ ಕರೆಯುತ್ತೇವೆ. ಅದು ಗರಗರ ತಿರುಗಿಸಿ ನೀರು ಹಿಂಡುತ್ತದೆ ಅಷ್ಟೆ, ಬಿಸಿ ಮಾಡುವುದಿಲ್ಲ. ಪಟ್ಟಿಯಲ್ಲಿ ಸೊನ್ನೆಯ ಮೇಲೆ ಇಂಟು ಕಂಡು ಹಿಂಡುವ ತೊಟ್ಟಿಗೂ ಬಟ್ಟೆ ಹಾಕಬಾರದೇನೋ ಎಂದು ಹೆದರುವುದು ಬೇಡ. ಹಾಗೆಂದು ನಾಜೂಕಾದ ಬಟ್ಟೆಯನ್ನು ಅಲ್ಲಿ ಹತ್ತು ನಿಮಿಷ ತಿರುಗಿಸುವುದೂ ಬೇಡ.

ಚೌಕದೊಳಗೆ ಬರೀ ಗೀಟುಗಳಿದ್ದರೆ ಅದು ನಮ್ಮ ಅಂಗಳದ ಕೆಲಸ. ನಿಂತ ಗೀಟು ಒಂದಿದ್ದರೆ ಹಗ್ಗದ ಮೇಲೆ ಒಣಗಿಸಿ. ನಿಂತ ಗೀಟು ಎರಡಿದ್ದರೆ ಹಿಂಡದೆ, ನೀರು ತೊಟ್ಟಿಕ್ಕುವ ಹಾಗೆಯೇ ಹಗ್ಗಕ್ಕೆ ಹಾಕಿ. ಮಲಗಿದ ಗೀಟು ಒಂದಿದ್ದರೆ ಚಾಪೆಯ ಮೇಲೆ ಹರವಿ ಒಣಗಿಸಿ. ಎರಡಿದ್ದರೆ ಹಿಂಡದೆ ಹರವಿ. ಎಡಗಡೆ ಮೇಲಿನ ಮೂಲೆಯಲ್ಲಿ ಎರಡು ಓರೆ ಗೀಟು ಇದ್ದರೆ ನೆರಳಿನಲ್ಲಿ. ನೋಡಿ, ನಿಂತ ಗೀಟು ನೇತುಹಾಕಿದ ಬಟ್ಟೆಯ ಹಾಗೆ, ಮಲಗಿದ ಗೀಟು ಮಲಗಿಸಿದ ಬಟ್ಟೆಯ ಹಾಗೆ. ಒಮ್ಮೆ ತಿಳಿದರೆ ಮರೆಯುವುದಿಲ್ಲ.

ಸ್ವೆಟರಿಗೆ ಮಲಗಿದ ಗೀಟೇ ಏಕೆ? ಒದ್ದೆ ಉಣ್ಣೆ ತುಂಬಾ ನೀರು ಕುಡಿದು ಭಾರವಾಗಿರುತ್ತದೆ. ಹಗ್ಗಕ್ಕೆ ಹಾಕಿದರೆ ಆ ಭಾರಕ್ಕೆ ಹೆಣಿಗೆ ಜಗ್ಗಿ, ತೋಳು ಮೊಣಕಾಲಿಗೆ ಬರುತ್ತದೆ. ನೆರಳು ಏಕೆ? ಬಿಸಿಲು ಬಣ್ಣವನ್ನು ತಿನ್ನುತ್ತದೆ. ಕಿಟಕಿಯ ಪರದೆಯ ಬಿಸಿಲು ಬೀಳುವ ಮಗ್ಗುಲನ್ನೂ ಒಳಮಗ್ಗುಲನ್ನೂ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಮಲೆನಾಡಿನ ನಮಗೆ ಮಳೆಗಾಲದಲ್ಲಿ ಬಿಸಿಲೇ ಕನಸು, ಆಗ ಒಲೆಯ ಮೇಲಿನ ಹಗ್ಗವೇ ಆಸರೆ. ಅಲ್ಲಿಯೂ ಉಣ್ಣೆ ಮತ್ತು ನೈಲಾನು ಬಟ್ಟೆಗಳನ್ನು ಬೆಂಕಿಯಿಂದ ದೂರದ ತುದಿಗೆ ಹಾಕಿ, ಹತ್ತಿಯ ಪಂಚೆ ಟವೆಲುಗಳನ್ನು ಹತ್ತಿರಕ್ಕೆ ಹಾಕಿ.

ಇಸ್ತ್ರಿಪೆಟ್ಟಿಗೆ

ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಚಿತ್ರವೇ ಹೇಳುತ್ತದೆ. ನೋಡಬೇಕಾದ್ದು ಒಳಗಿನ ಚುಕ್ಕೆ. ಒಂದು ಚುಕ್ಕೆ ಎಂದರೆ ಸುಮಾರು 110 ಡಿಗ್ರಿ, ನೈಲಾನು ಅಕ್ರಿಲಿಕ್‌ಗಳಿಗೆ. ಎರಡು ಎಂದರೆ ಸುಮಾರು 150, ಪಾಲಿಯೆಸ್ಟರ್ ಮತ್ತು ಉಣ್ಣೆಗೆ. ಮೂರು ಎಂದರೆ ಸುಮಾರು 200, ಹತ್ತಿ ಮತ್ತು ನಾರಿನ ಬಟ್ಟೆಗೆ. ಪೆಟ್ಟಿಗೆಯ ಕೆಳಗೆ ಹಬೆ ಬರೆದು ಅದಕ್ಕೆ ಮಾತ್ರ ಇಂಟು ಹಾಕಿದ್ದರೆ ಒಣ ಇಸ್ತ್ರಿ ಮಾಡಬಹುದು, ಹಬೆ ಬೇಡ.

ಹತ್ತಿಗೂ ಪಾಲಿಯೆಸ್ಟರಿಗೂ ಇಷ್ಟು ವ್ಯತ್ಯಾಸ ಏಕೆ? ಹತ್ತಿ ಗಿಡದ ನಾರು. ಅದು ಕರಗುವುದಿಲ್ಲ, ಬಿಸಿ ಅತಿಯಾದರೆ ಕಂದಿ ಸುಡುತ್ತದೆ. ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಜಾತಿ. ಬಿಸಿಗೆ ಮೆತ್ತಗಾಗುತ್ತದೆ, ಹೊಳಪು ಬರುತ್ತದೆ, ಕೊನೆಗೆ ಕರಗಿ ಪೆಟ್ಟಿಗೆಗೆ ಅಂಟುತ್ತದೆ. ಶಾಲೆಯ ಸಮವಸ್ತ್ರ ಹೆಚ್ಚಾಗಿ ಎರಡೂ ಬೆರೆತ ಬಟ್ಟೆ. ಬೆರಕೆ ಇದ್ದಾಗ ನಾಜೂಕಿನವನ ಮಾತನ್ನೇ ಕೇಳಬೇಕು, ಅಂದರೆ ಪಾಲಿಯೆಸ್ಟರಿನ ಎರಡು ಚುಕ್ಕೆಯಲ್ಲೇ ನಿಲ್ಲಬೇಕು.

ಬೀದಿಯ ಕೊನೆಯ ಇಸ್ತ್ರಿ ಅಂಗಡಿಯ ಕೆಂಡದ ಪೆಟ್ಟಿಗೆಗೆ ಚುಕ್ಕೆಯೂ ಇಲ್ಲ, ಗುಂಡಿಯೂ ಇಲ್ಲ. ಆದರೆ ಅವರು ನೀರು ಚಿಮುಕಿಸಿ 'ಚುಂಯ್' ಎನ್ನುವ ಸದ್ದಿನಿಂದಲೇ ಬಿಸಿ ಅಳೆಯುತ್ತಾರೆ. ಬಟ್ಟೆ ಕೊಡುವಾಗ "ಅಣ್ಣಾ, ಇದು ಒಂದು ಚುಕ್ಕೆಯದು, ಕೊನೆಗೆ ಪೆಟ್ಟಿಗೆ ಆರಿದ ಮೇಲೆ ಮಾಡಿ" ಎಂದು ಹೇಳಿ ಕೊಡಿ. ಅವರಿಗೆ ಅಷ್ಟು ಸಾಕು.

ಸೊನ್ನೆ

ಕೊನೆಯದು ಸೊನ್ನೆ. ಇದು ಮನೆಯವರಿಗೆ ಅಲ್ಲ, ಅಂಗಡಿಯವರಿಗೆ. ನಾವು 'ಡ್ರೈ ವಾಷ್' ಎನ್ನುವ ಕೆಲಸ ಇದು. ಒಳಗಿನ ಇಂಗ್ಲಿಷ್ ಅಕ್ಷರ ಯಾವ ದ್ರಾವಣ ಎಂದು ತಿಳಿಸುತ್ತದೆ. 'ಪಿ' ಇದ್ದರೆ ಪರ್‌ಕ್ಲೋರೊಎಥಿಲೀನ್ ಎಂಬ ದ್ರಾವಣವೂ ಆಗಬಹುದು. 'ಎಫ್' ಇದ್ದರೆ ಅದು ಬೇಡ, ಪೆಟ್ರೋಲಿಯಂ ಜಾತಿಯ ಮೆದು ದ್ರಾವಣ ಮಾತ್ರ. 'ಡಬ್ಲ್ಯು' ಇದ್ದರೆ ಅಂಗಡಿಯವರೇ ವಿಶೇಷ ಯಂತ್ರದಲ್ಲಿ ನೀರಿನಿಂದ ಒಗೆಯಬಹುದು. ಸೊನ್ನೆಯ ಮೇಲೆ ಇಂಟು ಇದ್ದರೆ ಡ್ರೈ ವಾಷಿಗೆ ಕೊಡಬೇಡಿ. ಹೆಸರಿನಲ್ಲಿ 'ಡ್ರೈ' ಇದ್ದರೂ ಬಟ್ಟೆ ಒದ್ದೆಯಾಗುತ್ತದೆ, ನೀರಿನಲ್ಲಿ ಅಲ್ಲ, ಅಷ್ಟೆ.

ಈ ಕೆಲಸದ ಹಿಂದೆ ಮಕ್ಕಳು ತಿಳಿಯಬೇಕಾದ ಒಬ್ಬರ ಹೆಸರಿದೆ. ಥಾಮಸ್ ಜೆನ್ನಿಂಗ್ಸ್ ಎಂಬ ದರ್ಜಿ, ನ್ಯೂಯಾರ್ಕಿನವರು, ಕಪ್ಪು ಜನಾಂಗದವರು. ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ, 1821ರಲ್ಲಿ, ನಾಜೂಕಾದ ಬಟ್ಟೆ ಶುಚಿಮಾಡುವ ತಮ್ಮ ಕ್ರಮಕ್ಕೆ ಅವರು ಪೇಟೆಂಟ್ ಪಡೆದರು. ಅಲ್ಲಿ ಪೇಟೆಂಟ್ ಪಡೆದ ಮೊದಲ ಕಪ್ಪು ವ್ಯಕ್ತಿ ಅವರೇ ಎಂದು ಹೇಳುತ್ತಾರೆ. ಬಂದ ಹಣದಲ್ಲಿ ತಮ್ಮ ಮನೆಯವರನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡರಂತೆ. 1836ರಲ್ಲಿ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ಅವರ ಕಾಗದವೂ ಸುಟ್ಟುಹೋಯಿತು.

ಒಂದು ಲೆಕ್ಕ

ಮಕ್ಕಳೇ, ಈಗ ಲೆಕ್ಕ. ಒಂದು ಬಿಳಿ ಟವೆಲಿನ ಬೋಗುಣಿಯಲ್ಲಿ 60 ಇದೆ. ಶಾಲೆಯ ಬಿಳಿ ಅಂಗಿಯಲ್ಲಿ 40 ಇದೆ. ಅಕ್ಕನ ಬಿಳಿ ಕುರ್ತಾದಲ್ಲಿ 30 ಇದ್ದು, ಬೋಗುಣಿಯ ಕೆಳಗೆ ಒಂದು ಗೀಟೂ ಇದೆ. ಮೂರನ್ನೂ ಒಟ್ಟಿಗೆ ಮಷೀನಿಗೆ ಹಾಕಿದರೆ ಎಷ್ಟು ಬಿಸಿ ಇಡಬೇಕು?

ಕೂಡಿ ಭಾಗಿಸಿ ಸರಾಸರಿ ತೆಗೆಯಬೇಡಿ! ಸರಾಸರಿ 43 ಬರುತ್ತದೆ, ಕುರ್ತಾ ಹಾಳಾಗುತ್ತದೆ. ಉತ್ತರ 30, ಅದೂ ಮೆಲ್ಲಗೆ ತಿರುಗುವ ಕ್ರಮದಲ್ಲಿ. ಅಥವಾ ಕುರ್ತಾವನ್ನು ಬೇರೆ ತೆಗೆದಿಟ್ಟು ಉಳಿದ ಎರಡಕ್ಕೆ 40. ಗುಂಪಿನಲ್ಲಿ ನಡೆಯುವಾಗ ಕಾಲು ನೋವಿರುವ ಅಜ್ಜಿಯ ವೇಗಕ್ಕೆ ಎಲ್ಲರೂ ನಡೆಯುವುದಿಲ್ಲವೇ, ಹಾಗೆ.

ಪಟ್ಟಿ ಹೇಳದ ಸಂಗತಿಯೂ ಇದೆ. ಬಣ್ಣ ಬಿಡುತ್ತದೆಯೋ ಇಲ್ಲವೋ ಎಂಬುದಕ್ಕೆ ಈ ಐದರಲ್ಲಿ ಚಿತ್ರವಿಲ್ಲ. ಹೊಸ ಬಟ್ಟೆಯ ಒಳಅಂಚನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಅದನ್ನು ಬೇರೆಯೇ ಒಗೆಯಿರಿ. ಪಟ್ಟಿಯಲ್ಲಿ ಕೆಲವೊಮ್ಮೆ ಕಾಣುವ 'ಸಿಲ್ಕ್ ಮಾರ್ಕ್', 'ವುಲ್‌ಮಾರ್ಕ್' ಮುದ್ರೆಗಳು ಬಟ್ಟೆ ಯಾವುದು ಎಂಬುದಕ್ಕೆ ಸಾಕ್ಷಿ, ಒಗೆಯುವ ಸೂಚನೆ ಅಲ್ಲ.

ಅಮೆರಿಕದಿಂದ ಮಗನೋ ಮಗಳೋ ತಂದ ಬಟ್ಟೆಯ ಬೋಗುಣಿಯಲ್ಲಿ ಅಂಕಿಯ ಬದಲು ಚುಕ್ಕೆಗಳಿರಬಹುದು. ಅಲ್ಲಿ ಒಂದು ಚುಕ್ಕೆ ಎಂದರೆ 30, ಎರಡು ಎಂದರೆ 40, ಮೂರು ಎಂದರೆ 50 ಡಿಗ್ರಿ. ಜಪಾನಿನವರು ಬಹುಕಾಲ ತಮ್ಮದೇ ಚಿತ್ರಗಳನ್ನು ಬಳಸಿ, 2016ರ ಡಿಸೆಂಬರಿನಲ್ಲಿ ಈ ಅಂತರರಾಷ್ಟ್ರೀಯ ಚಿತ್ರಗಳಿಗೆ ಬದಲಾದರು.

ಪಟ್ಟಿಯೇ ಇಲ್ಲದಿದ್ದರೆ?

ನಮ್ಮ ಮನೆಗಳಲ್ಲಿ ತುಂಬಾ ಬೆಲೆಬಾಳುವ ಬಟ್ಟೆಗಳಿಗೆ ಪಟ್ಟಿಯೇ ಇರುವುದಿಲ್ಲ. ಮಗ್ಗದಿಂದ ನೇರ ಕೊಂಡ ಇಳಕಲ್ ಸೀರೆ, ಅಜ್ಜಿಯ ಮದುವೆಯ ರೇಷ್ಮೆ, ಕೈಯಲ್ಲಿ ಹೆಣೆದ ಸ್ವೆಟರು. ಹಾಳಾದರೆ ಮತ್ತೆ ಸಿಗದವು ಇವೇ.

ನನ್ನ ಕಪಾಟಿನಲ್ಲಿ ಅಂಥದೊಂದು ಕಂದು ಸ್ವೆಟರಿದೆ. ಮಗಳು ಏಳನೇ ತರಗತಿಯಲ್ಲಿದ್ದಾಗ ನನ್ನ ಹೆಂಡತಿ ಹೆಣೆದದ್ದು. ಹೆಣೆದ ಕೈ ಈಗಿಲ್ಲ. ಕಳೆದ ಚಳಿಗಾಲದಲ್ಲಿ, ತಾನೂ ಏಳನೇ ತರಗತಿಗೆ ಬಂದ ಮೊಮ್ಮಗಳು "ಅಜ್ಜ, ಇದನ್ನ ನಾನು ಹಾಕ್ಕೊಳ್ಳಲಾ?" ಎಂದಳು. ಕೊಟ್ಟೆ. ಮೂರನೇ ದಿನ ಮಧ್ಯಾಹ್ನದ ಊಟದ ಸಾಂಬಾರು ಎದೆಯ ಮೇಲೆ ಚೆಲ್ಲಿಕೊಂಡು ಬಂದಳು. ಮುಖ ಸಣ್ಣದಾಗಿತ್ತು. ಒಳಗೆಲ್ಲ ತಿರುವಿ ನೋಡಿ, "ಇದಕ್ಕೆ ಚಿತ್ರಾನೇ ಇಲ್ವಲ್ಲ ಅಜ್ಜ, ಹೇಗೆ ಒಗೆಯೋದು?" ಎಂದಳು.

ಹೆಂಡತಿಯ ಹೊಲಿಗೆ ಡಬ್ಬಿಯಲ್ಲಿ ಅದೇ ಬಣ್ಣದ ನೂಲಿನ ಸಣ್ಣ ಉಂಡೆ ಉಳಿದಿತ್ತು. ಬೆರಳುದ್ದದ ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿನ ತಟ್ಟೆ ಇಟ್ಟುಕೊಂಡು ದೀಪಕ್ಕೆ ತಾಗಿಸಿದೆ. ಕೂದಲು ಸುಟ್ಟ ವಾಸನೆ ಬಂತು. ಬೆಂಕಿ ತಾನಾಗಿ ಆರಿತು. ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಹಾಗಾದರೆ ಉಣ್ಣೆಯೇ. ಅಕ್ರಿಲಿಕ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು, ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತಿತ್ತು. ಮಕ್ಕಳೇ, ಈ ಪರೀಕ್ಷೆಯನ್ನು ದೊಡ್ಡವರು ಮಾಡಬೇಕು, ನೀವು ನೋಡಬೇಕು, ಮೂಸಬೇಕು, ಅಷ್ಟೆ.

ಉಣ್ಣೆ ಎಂದು ಗೊತ್ತಾದ ಮೇಲೆ ಉಳಿದದ್ದು ಸುಲಭ. ಉಗುರು ಬೆಚ್ಚಗಿನ ನೀರಿಗೆ ಅಂಟುವಾಳದ ನೊರೆ ಬೆರೆಸಿದೆವು. ಉಜ್ಜದೆ ಒತ್ತಿ ಒತ್ತಿ ಒಗೆದೆವು. ಅಷ್ಟೇ ಬೆಚ್ಚಗಿನ ನೀರಿನಲ್ಲಿ ಜಾಲಿಸಿದೆವು. ಹಿಂಡದೆ, ದಪ್ಪ ಟವೆಲಿನಲ್ಲಿ ಚಾಪೆಯಂತೆ ಸುರುಳಿ ಸುತ್ತಿ ನೀರು ತೆಗೆದೆವು. ನೆರಳಿನಲ್ಲಿ ಮಲಗಿಸಿ ಒಣಗಿಸಿದೆವು. ಎರಡು ದಿನ ಹಿಡಿಯಿತು. ಸಾಂಬಾರಿನ ಅರಿಸಿನ ಪೂರ್ತಿ ಹೋಗಲಿಲ್ಲ. ಕಡುಬಿಸಿಲಿಗೆ ಹಾಕಿದ್ದರೆ ಅರಿಸಿನದ ಬಣ್ಣ ಹೋಗುತ್ತದೆ, ಅದರ ಜೊತೆಗೆ ಸ್ವೆಟರಿನ ಬಣ್ಣವೂ ಹೋಗುತ್ತದೆ. ಸ್ವಲ್ಪ ಹಳದಿ ಇರಲಿ ಎಂದು ಬಿಟ್ಟೆವು.

ಆಮೇಲೆ ಮೊಮ್ಮಗಳು ಬಿಳಿ ಹತ್ತಿಯ ಪಟ್ಟಿಯೊಂದನ್ನು ಕತ್ತರಿಸಿ, ನೀರಿಗೆ ಹೋಗದ ಪೆನ್ನಿನಲ್ಲಿ ಐದು ಚಿತ್ರ ಬರೆದಳು. ಬೋಗುಣಿಯಲ್ಲಿ ಕೈ. ತ್ರಿಕೋನಕ್ಕೆ ಇಂಟು. ಚೌಕದಲ್ಲಿ ಮಲಗಿದ ಗೀಟು, ಮೂಲೆಯಲ್ಲಿ ನೆರಳಿನ ಓರೆ ಗೀಟು. ಇಸ್ತ್ರಿಪೆಟ್ಟಿಗೆಗೆ ಎರಡು ಚುಕ್ಕೆ. ಸೊನ್ನೆಯಲ್ಲಿ ಏನು ಬರೆಯುವುದು ಎಂದು ಕೇಳಿದಳು. ಅಂಗಡಿಗೆ ಕೊಡುವುದೇ ಬೇಡ, ಇಂಟು ಹಾಕು ಎಂದೆ. ಪಟ್ಟಿಯ ಹಿಂಬದಿಯಲ್ಲಿ ಅಜ್ಜಿಯ ಹೆಸರನ್ನೂ ಬರೆದು ಒಳಗಡೆ ನಾಲ್ಕು ಹೊಲಿಗೆ ಹಾಕಿದಳು. ಹೊಲಿಗೆ ವಕ್ರವಾಗಿದೆ, ಗಟ್ಟಿಯಾಗಿದೆ.

ಈ ವಾರದ ಮನೆಗೆಲಸ ಅದೇ. ನಿಮ್ಮ ಮನೆಯಲ್ಲಿ ಪಟ್ಟಿ ಇಲ್ಲದ ಒಂದು ಹಳೆಯ ಬಟ್ಟೆ ಹುಡುಕಿ. ಅಜ್ಜಿಯನ್ನೋ ಅಮ್ಮನನ್ನೋ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ನೂಲು? ಇಷ್ಟು ವರ್ಷ ಇದನ್ನು ಹೇಗೆ ಒಗೆದಿರಿ? ಎಲ್ಲಿ ಒಣಗಿಸಿದಿರಿ? ಏನು ಮಾಡಬಾರದು? ಅವರು ಹೇಳಿದ್ದನ್ನು ಐದು ಚಿತ್ರಗಳಲ್ಲಿ ಬರೆದು ಪಟ್ಟಿ ಹೊಲಿಯಿರಿ. ಬಟ್ಟೆ ತುಂಬಾ ನಾಜೂಕಾಗಿದ್ದರೆ ಹೊಲಿಯಬೇಡಿ, ಕಾಗದದ ಚೀಟಿ ಮಾಡಿ ಮಡಿಕೆಯೊಳಗೆ ಇಡಿ. ಕತ್ತರಿಸಿ ತೆಗೆದ ಪಟ್ಟಿಗಳಿದ್ದರೆ ಹಳೆಯ ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ಯಾವ ಬಟ್ಟೆಯದು ಎಂದು ಬರೆದಿಡಿ. ಅಜ್ಜ ಅಜ್ಜಿಯರೇ, ಮಕ್ಕಳು ಕೇಳಿದಾಗ "ಅದೆಲ್ಲ ನಿನಗೇಕೆ" ಎನ್ನದೆ ಹೇಳಿ. ನೀವು ಹೇಳಿದ್ದನ್ನು ಅವರು ಬರೆದಿಟ್ಟುಕೊಳ್ಳಲಿ.

ಬರುವ ವಾರ ಸಿಗೋಣ.